ಹಾಮಾನನ ಜೇಬು

ಕರೆಂಟಿನ ಕೇಬಲ್ ಕಡಿದದ್ದು ಜೆಸಿಬಿಯವನ ಕಣ್ತಪ್ಪಿನಿಂದ ಎಂದು ಗಂಡನ ಕಂಪನಿಯ ಗಂಗಾಧರ ಹೇಳಿದಾಗ ಕೋಕಿಲಾ ನಂಬಿದ್ದಳು. ವಾರದೊಳಗೆ ನೀರಿನ ಪೈಪೂ ಒಡೆದು, ಅದೂ ಕಣ್ತಪ್ಪೇ ಎಂದಾಗ ನಂಬಲಿಲ್ಲ. ಎರಡು ಸಲವೂ ತೊಂದರೆಯಾದದ್ದು ಒಂದೇ ಮನೆಗೆ. ಅದು ರೂತ್ ಆಂಟಿಯ ಮನೆ.

ನೈರೋಬಿಯ ರಿವರ್‌ಸೈಡ್ ಬಡಾವಣೆಯ ಆ ಕಾಂಪೌಂಡಿನಲ್ಲಿ ಹಳೆಯ ಕಾಲದ ನಾಲ್ಕು ಹೆಂಚಿನ ಮನೆಗಳಿದ್ದವು. ಸುತ್ತಮುತ್ತ ಗಾಜಿನ ಕಚೇರಿಗಳೂ ಎತ್ತರದ ಅಪಾರ್ಟ್‌ಮೆಂಟುಗಳೂ ಎದ್ದು ನಿಂತಿದ್ದರೂ ಇಲ್ಲಿ ಮಾತ್ರ ಅಂಗಳ, ಬೋಗನ್‌ವಿಲ್ಲಾ ಬೇಲಿ, ಬೆಳಗಾದರೆ ಹುಲ್ಲಿನ ಮೇಲೆ ಇಳಿದು ಕರ್ಕಶವಾಗಿ ಕೂಗುವ ಐಬಿಸ್ ಹಕ್ಕಿಗಳು. ಮೂರು ಮನೆಗಳನ್ನು ಕೋಕಿಲಾಳ ಗಂಡ ಮಹಾಬಲೇಶ್ವರ ಕೆಲಸ ಮಾಡುವ ಔಷಧ ಕಂಪನಿ ಕೊಂಡು, ತನ್ನ ಮ್ಯಾನೇಜರುಗಳ ವಾಸಕ್ಕೆ ಕೊಟ್ಟಿತ್ತು. ಈಗ ಕಂಪನಿಯ ಎಂ.ಡಿ.ಗೆ ಅಲ್ಲಿ ಇಪ್ಪತ್ತು ಮಹಡಿ ಎಬ್ಬಿಸುವ ಆಸೆ ಹುಟ್ಟಿತ್ತು. ಎರಡು ಮನೆಗಳನ್ನು ಆಗಲೇ ಖಾಲಿ ಮಾಡಿಸಿ ಕೆಡವಿದ್ದರು. ಮೂರನೆಯದರಲ್ಲಿ ಕೋಕಿಲಾ, ಮಹಾಬಲೇಶ್ವರ ಮತ್ತು ಅವರ ಮಗಳು ನಿಕಿತಾ ಇದ್ದರು. ನಾಲ್ಕನೆಯದು ರೂತ್ ಆಂಟಿಯ ಸ್ವಂತದ್ದು. ಅವರು ಮಾರುವುದಿಲ್ಲ ಎಂದಿದ್ದರು. ಮೊದಲ ಸಲ ಚಹಾ ಕೊಟ್ಟು ಹೇಳಿದರು. ಎರಡನೆಯ ಸಲ ಚಹಾ ಕೊಡದೆ ಹೇಳಿದರು. ಮೂರನೆಯ ಸಲ ಬಾಗಿಲೂ ತೆಗೆಯದೆ ಕಿಟಕಿಯಿಂದಲೇ ಹೇಳಿ ಪರದೆ ಎಳೆದುಕೊಂಡರು.

ರೂತ್ ಆಂಟಿಗೆ ಎಂಬತ್ತು ದಾಟಿತ್ತು. ಅವರ ತಂದೆ ಪೋಲೆಂಡಿನ ಒಬ್ಬ ಯಹೂದಿ ಗಡಿಯಾರ ರಿಪೇರಿಯವರು. ಹಿಟ್ಲರನ ಸೈನ್ಯ ಬರುವ ಮೊದಲು ಹೆಂಡತಿಯ ಕೈ ಹಿಡಿದುಕೊಂಡು ಹಡಗು ಹತ್ತಿ ಮೊಂಬಾಸಾದಲ್ಲಿ ಇಳಿದವರು. ಪೋಲೆಂಡಿನಲ್ಲೇ ಉಳಿದ ಅವರ ಬಂಧುಬಳಗದಲ್ಲಿ ಯಾರೂ ಬದುಕಲಿಲ್ಲ. ರೂತ್ ಹುಟ್ಟಿದ್ದು ನೈರೋಬಿಯಲ್ಲಿ. ಮದುವೆಯಾಗಲಿಲ್ಲ, ಆಗಬೇಕೆಂದು ಅನ್ನಿಸಲೂ ಇಲ್ಲ. ಯೌವನದಲ್ಲಿ ಕಾರ್ ರ‍್ಯಾಲಿಗಳಲ್ಲಿ ಕೆಸರು ಹಾರಿಸಿಕೊಂಡು ಓಡಿಸಿದವರು, ಆಮೇಲೆ ಊರಿನ ನಡುಪೇಟೆಯಲ್ಲಿ ಕಾರಿನ ಬಿಡಿಭಾಗಗಳ ಅಂಗಡಿ ಇಟ್ಟವರು. ಈಗಲೂ ಲಿಪ್‌ಸ್ಟಿಕ್ ಹಚ್ಚದೆ ಗೇಟಿನ ತನಕವೂ ಹೋಗುತ್ತಿರಲಿಲ್ಲ. ಸಂಧಿವಾತದಿಂದ ಬೆರಳುಗಳು ಮಾತ್ರ ಶುಂಠಿಬೇರಿನ ಹಾಗೆ ಸೊಟ್ಟಗಾಗಿದ್ದವು.

ಪೈಪು ಒಡೆದ ಮರುದಿನ ಬೆಳಿಗ್ಗೆ ಅವರು ಕೋಕಿಲಾಳ ಅಡುಗೆಮನೆಯ ಬಾಗಿಲಿಗೆ ಬಂದರು. ಒಂದು ಕೈಯಲ್ಲಿ ಬುಟ್ಟಿ, ಇನ್ನೊಂದರಲ್ಲಿ ಲಟ್ಟಣಿಗೆ. ಇಬ್ಬರ ಮಾತು ಯಾವಾಗಲೂ ಇಂಗ್ಲಿಷಿನಲ್ಲಿ, ನಡುನಡುವೆ ಸ್ವಾಹಿಲಿ.

"ಕೋಕಿ, ನಿನ್ನ ಓವನ್ ಯಾವುದರಲ್ಲಿ ಉರಿಯುತ್ತೆ?"

"ಗ್ಯಾಸಿನಲ್ಲಿ ಆಂಟಿ. ಯಾಕೆ?"

"ಇದುವರೆಗೆ ಅದರೊಳಗೆ ಏನೇನು ಬೆಂದಿದೆ?"

ಕೋಕಿಲಾ ನೆನಪಿಸಿಕೊಂಡಳು. "ನಾನ್‌ಖಟಾಯಿ, ಬ್ರೆಡ್ಡು, ನಿಕಿತಾಳ ಪಿಜ್ಜಾ. ಬದನೆಕಾಯಿ ಸುಟ್ಟಿದ್ದೇನೆ."

"ಮಾಂಸ?"

"ಈ ಹೊಸ್ತಿಲನ್ನೇ ದಾಟಿಲ್ಲ."

"ಹಾಗಾದರೆ ನಮ್ಮವರ ಎಷ್ಟೋ ಮನೆಗಳಿಗಿಂತ ಇದೇ ವಾಸಿ," ಎಂದು ಅವರು ಒಳಗೆ ಬಂದು ಬುಟ್ಟಿಯನ್ನು ಕಟ್ಟೆಯ ಮೇಲೆ ಇಟ್ಟರು. ಮಾಂಸ ತಾಗಿದ ಪಾತ್ರೆಯಲ್ಲಿ ಹಾಲು ಬೆಣ್ಣೆಯ ಅಡುಗೆ ಮಾಡುವವರಲ್ಲ ಅವರು. "ಭಾನುವಾರ ಪುರಿಮ್ ಹಬ್ಬ. ನನ್ನ ಓವನ್ ಕರೆಂಟಿನದು, ಸತ್ತು ಬಿದ್ದಿದೆ. ನನ್ನ ತಾಯಿ ಈ ಊರಿಗೆ ಬಂದ ಮೊದಲ ವರ್ಷದಿಂದ ಒಂದು ಪುರಿಮ್ ಕೂಡ ಹಾಮಾನ್‌ಟಾಶ್ ಇಲ್ಲದೆ ಕಳೆದಿಲ್ಲ. ಆ ಎಂ.ಡಿ. ಮನುಷ್ಯನಿಂದಾಗಿ ಈ ವರ್ಷ ತಪ್ಪಬೇಕಾ?"

ಹಾಮಾನ್‌ಟಾಶ್ ಅಂದರೆ ಏನು ಎಂದು ಕೋಕಿಲಾಗೆ ಹೇಳಬೇಕಾಗಿರಲಿಲ್ಲ. ಇಲ್ಲಿಗೆ ಬಂದ ಮೊದಲ ವರ್ಷವೇ ಒಂದು ಬಿಸಿಲಿನ ಮಧ್ಯಾಹ್ನ ರೂತ್ ಆಂಟಿ ತಟ್ಟೆ ತಂದು ಕೊಟ್ಟಿದ್ದರು. ಮೂರು ಮೂಲೆಯ ತಿಂಡಿ. ನಡುವೆ ತೆರೆದ ಕಿಂಡಿಯಲ್ಲಿ ಖರ್ಜೂರದ ಹೂರಣ ಹೊಳೆಯುತ್ತಿತ್ತು. ಮೊಟ್ಟೆ ಹಾಕಿದ್ದೀರಾ ಎಂದು ಕೋಕಿಲಾ ಸಂಕೋಚದಿಂದ ಕೇಳಿದಾಗ ಅವರು ತಟ್ಟೆಯನ್ನು ಹಿಂದಕ್ಕೆ ತೆಗೆದುಕೊಂಡು ಹೋಗಿ, ಸಂಜೆಗೆ ಮೊಟ್ಟೆಯ ಬದಲು ಕಿತ್ತಳೆ ರಸ ಹಾಕಿ ಹೊಸದಾಗಿ ಮಾಡಿ ತಂದಿದ್ದರು. ಅಂದಿನಿಂದ ಪ್ರತಿವರ್ಷ ಕೋಕಿಲಾಳ ಪಾಲು ಬೇರೆಯಾಗಿಯೇ ಬೇಯುತ್ತಿತ್ತು.

"ಎಲ್ಲಾನೂ ಇಲ್ಲೇ ಮಾಡೋಣ," ಎಂದಳು ಕೋಕಿಲಾ. "ಮೊಟ್ಟೆ ಮಾತ್ರ ಬೇಡ."

"ಬೇಡ. ಆದರೆ ನನ್ನದೂ ಒಂದು ನಿಯಮ ಇದೆ. ಓವನ್ನಿಗೆ ಬೆಂಕಿ ನಾನೇ ಹಚ್ಚಬೇಕು."

ಕೋಕಿಲಾಗೆ ನಗು ಬಂತು. ಮೈಸೂರಿನ ಚಾಮರಾಜಪುರಂನ ಮನೆಯಲ್ಲಿ ಮಡಿಯುಟ್ಟು, ಬೇರೆಯವರ ನೆರಳೂ ಬೀಳದ ಹಾಗೆ ಒಲೆ ಹಚ್ಚುತ್ತಿದ್ದ ಅಜ್ಜಿ ಕಣ್ಣ ಮುಂದೆ ಬಂದಳು. "ನಮ್ಮಜ್ಜಿಗೆ ನೀವು ಸಿಕ್ಕಿದ್ದರೆ ಇಬ್ಬರೂ ಒಬ್ಬರನ್ನೊಬ್ಬರು ಅಡುಗೆಮನೆಯೊಳಗೆ ಬಿಡ್ತಿರಲಿಲ್ಲ."

"ಬಾಗಿಲ ಹೊರಗೆ ಕೂತು ಒಳ್ಳೇ ಹರಟೆ ಹೊಡೀತಿದ್ದೆವು," ಎಂದರು ರೂತ್ ಆಂಟಿ.

*

ಅಂದು ಸಂಜೆ ಊಟಕ್ಕೆ ಕೂತಾಗ ಮಹಾಬಲೇಶ್ವರ ತಟ್ಟೆಯ ಕಡೆಗೇ ನೋಡುತ್ತ ಮಾತು ತೆಗೆದ. ಅವನು ಫ್ಯಾಕ್ಟರಿಯ ಪ್ರೊಡಕ್ಷನ್ ಮುಖ್ಯಸ್ಥ. ಎಂ.ಡಿ. ಏನಾದರೂ ಹೇಳಿದ ದಿನ ಅವನು ಹೀಗೇ ತಲೆ ತಗ್ಗಿಸಿ ಉಣ್ಣುತ್ತಾನೆ ಎಂದು ಕೋಕಿಲಾಗೆ ಗೊತ್ತಿತ್ತು.

"ಎಂ.ಡಿ. ಇವತ್ತು ಕರೆದಿದ್ರು. ನಿನ್ನ ವಿಷಯಾನೇ ಕೇಳಿದ್ರು."

"ನನ್ನ ವಿಷಯ ಅವರಿಗೇನು?"

"ನೀನೂ ರೂತ್ ಆಂಟೀನೂ ತುಂಬ ಕ್ಲೋಸ್ ಅಂತ ಗಂಗಾಧರ ಹೇಳಿದಾನೆ. ನೀನು ಹೇಳಿದ್ರೆ ಕೇಳ್ತಾರಂತೆ. ರುಂಡಾ ಬಡಾವಣೇಲಿ ಒಂದು ಚಿಕ್ಕ ಮನೆ, ಗಾರ್ಡು, ನರ್ಸು, ಎಲ್ಲಾ ಕೊಡ್ತಾರಂತೆ. ಅವರ ವಯಸ್ಸಿಗೂ ಒಳ್ಳೇದೇ ಅಲ್ವಾ?"

"ಕರೆಂಟ್ ಕಡಿದೋರು ನರ್ಸ್ ಕೊಡ್ತಾರಾ?"

"ಅದು ಆ್ಯಕ್ಸಿಡೆಂಟ್ ಅಂತ ಹೇಳಿದ್ರಲ್ಲ."

"ನೀವು ನಂಬ್ತೀರಾ?"

ಮಹಾಬಲೇಶ್ವರ ಮೊಸರನ್ನ ಕಲೆಸುತ್ತ ಕೂತ. ಕಲೆಸಿ ಆದಮೇಲೂ ಕಲೆಸುತ್ತಲೇ ಇದ್ದ. "ನಾವೂ ಈ ತಿಂಗಳ ಕೊನೇಲಿ ಖಾಲಿ ಮಾಡ್ಬೇಕು," ಎಂದ ಆಮೇಲೆ. "ಆಥಿ ರಿವರ್‌ನಲ್ಲಿ ಫ್ಲ್ಯಾಟ್ ಕೊಡ್ತಾರೆ. ಫ್ಯಾಕ್ಟ್ರಿಗೆ ಹತ್ರ."

ನಿಕಿತಾ ಫೋನಿನಿಂದ ತಲೆಯೆತ್ತಿದಳು. ಕನ್ನಡ ಪೂರ್ತಿ ಅರ್ಥವಾಗುತ್ತಿತ್ತು, ಉತ್ತರ ಮಾತ್ರ ಇಂಗ್ಲಿಷಿನಲ್ಲೇ. "ವಾಟ್ ಅಬೌಟ್ ಮೈ ಸ್ಕೂಲ್? ದಟ್ಸ್ ಟೂ ಅವರ್ಸ್ ಇನ್ ಟ್ರಾಫಿಕ್, ಪಪ್ಪಾ."

"ನೋಡೋಣ," ಎಂದ ಮಹಾಬಲೇಶ್ವರ.

ಈ 'ನೋಡೋಣ' ಕೋಕಿಲಾಗೆ ಹೊಸದಲ್ಲ. ಅಂಕಲೇಶ್ವರದಲ್ಲಿ, ಬದ್ದಿಯಲ್ಲಿ, ವಿಶಾಖಪಟ್ಟಣದಲ್ಲಿ, ಕಂಪನಿ ಹೋಗು ಎಂದಾಗೆಲ್ಲ ಈ ಮಾತು ಬರುತ್ತಿತ್ತು. ಅದಾದ ಮೇಲೆ ಅವಳು ಪಾತ್ರೆಗಳನ್ನು ಹಳೆಯ ಸೀರೆಯಲ್ಲಿ ಸುತ್ತಿ ಡಬ್ಬಕ್ಕೆ ತುಂಬುತ್ತಿದ್ದಳು. ಬದ್ದಿಯಲ್ಲಿ ಅವಳಿಗೊಂದು ಶಾಲೆಯ ಕೆಲಸ ಸಿಕ್ಕಿತ್ತು, ಬಿಟ್ಟು ಬಂದಳು. ವಿಶಾಖಪಟ್ಟಣದಲ್ಲಿ ಒಬ್ಬ ಗೆಳತಿ ಸಿಕ್ಕಿದ್ದಳು, ಅವಳನ್ನೂ ಬಿಟ್ಟು ಬಂದಳು. ಒಂದು ಸಲವೂ 'ಆಗಲ್ಲ' ಎಂದಿರಲಿಲ್ಲ. ಹಾಗೆ ಅನ್ನಬಹುದು ಎಂಬುದೇ ಅವಳಿಗೆ ತೋಚಿರಲಿಲ್ಲ. ಕಿಟಕಿಯಿಂದ ಮಾತಾಡಿ ಪರದೆ ಎಳೆದ ರೂತ್ ಆಂಟಿಯನ್ನು ನೋಡಿದ ದಿನವೇ ಅದು ತೋಚಿದ್ದು.

"ನಾನು ಅವರಿಗೆ ಏನೂ ಹೇಳಲ್ಲ," ಎಂದಳು. "ಬೇಕಿದ್ರೆ ಎಂ.ಡಿ.ನೇ ಬಂದು ಹೇಳ್ಲಿ. ಕಿಟಕಿ ಇದೆಯಲ್ಲ."

*

ಶುಕ್ರವಾರ ಬೆಳಿಗ್ಗೆ ಹಿಟ್ಟು ಕಲೆಸಿದರು. ರೂತ್ ಆಂಟಿ ಸ್ಟೂಲಿನ ಮೇಲೆ ಕೂತು ಹೇಳುವುದು, ಕೋಕಿಲಾ ಮಾಡುವುದು. ಮೈದಾ, ತಣ್ಣನೆಯ ಬೆಣ್ಣೆ, ಸಕ್ಕರೆ, ಕಿತ್ತಳೆ ರಸ, ಕಿತ್ತಳೆ ಸಿಪ್ಪೆಯ ತುರಿ. ಹೂರಣ ಎರಡು ಬಗೆ. ಒಂದು ಖರ್ಜೂರದ್ದು. ಪೋಲೆಂಡಿನಲ್ಲಿ ಒಣಗಿಸಿದ ಪ್ಲಮ್ ಹಣ್ಣು ಹಾಕುತ್ತಿದ್ದರಂತೆ, ಇಲ್ಲಿ ಅದು ಸಿಗದೆ ರೂತ್ ಆಂಟಿಯ ತಾಯಿ ಮೊಂಬಾಸಾದಿಂದ ಬರುತ್ತಿದ್ದ ಖರ್ಜೂರಕ್ಕೆ ಇಳಿದರು. ಇನ್ನೊಂದು ಗಸಗಸೆಯದು. ಅದಕ್ಕೆ ಗಸಗಸೆ ಕೋಕಿಲಾಳ ಡಬ್ಬಿಯಿಂದಲೇ ಬಂತು. ಅವಳು ಹುರಿದು, ನೆನೆಸಿ, ಪಾಯಸಕ್ಕೆ ಅರೆಯುವ ಹಾಗೆ ನುಣ್ಣಗೆ ಅರೆದು, ಹಾಲು ಜೇನುತುಪ್ಪ ಹಾಕಿ ಗಟ್ಟಿಯಾಗುವ ತನಕ ಕಾಯಿಸಿದಳು. ರೂತ್ ಆಂಟಿ ಚಮಚದ ತುದಿಯಲ್ಲಿ ತೆಗೆದು ನಾಲಿಗೆಗೆ ಇಟ್ಟುಕೊಂಡು ಕಣ್ಣು ಮುಚ್ಚಿದರು.

"ಏಲಕ್ಕಿ ಹಾಕಿದ್ದೀಯ."

"ಕೈ ತಾನಾಗೇ ಹಾಕಿಬಿಡ್ತು. ತಪ್ಪಾಯ್ತಾ?"

"ನನ್ನಮ್ಮ ಇದ್ದಿದ್ದರೆ ಬೈತಿದ್ದಳು. ಆಮೇಲೆ ಇನ್ನೊಂದು ಚಮಚ ಕೇಳ್ತಿದ್ದಳು."

ಹಿಟ್ಟನ್ನು ಫ್ರಿಜ್ಜಿನಲ್ಲಿ ಇಡುವಷ್ಟರಲ್ಲಿ ಗಂಗಾಧರ ಬಂದ. ತುಮಕೂರಿನವನು, ಕಂಪನಿಯ ಅಡ್ಮಿನ್ ಮ್ಯಾನೇಜರ್. ಮದುವೆಗೆ ಮುಂಚೆ ಎರಡು ವರ್ಷ ಇದೇ ಅಡುಗೆಮನೆಯಲ್ಲಿ ಭಾನುವಾರದ ಊಟ ಉಂಡವನು. ಬಾಗಿಲಲ್ಲಿ ನಿಂತು ಸ್ಟೂಲಿನ ಮೇಲಿದ್ದ ರೂತ್ ಆಂಟಿಯನ್ನು ಕಂಡು ಸ್ವಲ್ಪ ಗಲಿಬಿಲಿಗೊಂಡು, ಕನ್ನಡಕ್ಕೆ ತಿರುಗಿದ.

"ಅತ್ತಿಗೆ, ಭಾನುವಾರ ಇವರ ಮನೇಗೆ ಜನ ಬರ್ತಾರಂತೆ?"

"ಪ್ರತಿವರ್ಷ ಬರ್ತಾರೆ. ಬೆಳಿಗ್ಗೆ ಅವರ ದೇವಸ್ಥಾನದಲ್ಲಿ ಹಬ್ಬದ ಕತೆ ಓದಿ, ಆಮೇಲೆ ಇಲ್ಲಿಗೆ ಬಂದು ಚಹಾ ಕುಡೀತಾರೆ. ನಿಂಗೊತ್ತಿರೋದೇ ಅಲ್ವಾ? ನೀನೂ ತಿಂದಿದೀಯ."

"ಈ ವರ್ಷ ಆಗಲ್ಲ ಅತ್ತಿಗೆ. ಇದು ಈಗ ಕನ್‌ಸ್ಟ್ರಕ್ಷನ್ ಸೈಟು. ಸೇಫ್ಟಿ ಇಶ್ಯೂ. ಗೇಟಲ್ಲಿ ಹೊರಗಿನೋರನ್ನ ಬಿಡಬಾರದು ಅಂತ ಆರ್ಡರ್ ಆಗಿದೆ."

"ಇವರ ಮನೆಗೆ ದಾರಿ ಇರೋದು ಅದೊಂದೇ ಗೇಟಲ್ವಾ?"

"ನಾನೇನ್ ಮಾಡ್ಲಿ ಹೇಳಿ. ಮೇಲಿಂದ ಬಂದಿದೆ." ಅವನು ದನಿ ತಗ್ಗಿಸಿದ. "ಅಣ್ಣನ ಪೊಸಿಷನ್ನೂ ಸ್ವಲ್ಪ ನೋಡಿ. ಕಾಂಟ್ರ್ಯಾಕ್ಟ್ ರಿನ್ಯೂವಲ್ ಟೈಮು. ನೀವು ಇದರಲ್ಲೆಲ್ಲ ಯಾಕೆ ಕೈ ಹಾಕ್ತೀರಿ?"

ಕೋಕಿಲಾ ತನ್ನ ಕೈ ನೋಡಿಕೊಂಡಳು. ಮೊಣಕೈ ತನಕ ಮೈದಾ ಹತ್ತಿತ್ತು. "ಆಗ್ಲೇ ಹಾಕಿಬಿಟ್ಟಿದೀನಲ್ಲ ಗಂಗಾಧರ," ಎಂದಳು.

ಅವನು ಹೋದಮೇಲೆ ರೂತ್ ಆಂಟಿ ಏನಂದ ಎಂದು ಕೇಳಿದರು. ಕೋಕಿಲಾ ಏನನ್ನೂ ಮುಚ್ಚಿಡದೆ ಹೇಳಿದಳು, ಗಂಡನ ಕಾಂಟ್ರ್ಯಾಕ್ಟಿನ ವಿಷಯವನ್ನೂ. ರೂತ್ ಆಂಟಿ ಚಮಚ ಕೆಳಗಿಟ್ಟರು.

"ಇದು ನನ್ನ ಜಗಳ, ಕೋಕಿ. ನೀನು ಓವನ್ ಕೊಟ್ಟದ್ದೇ ದೊಡ್ಡದು. ಇಲ್ಲಿಗೇ ನಿಲ್ಲಿಸಿದರೆ ನಾನು ತಪ್ಪು ತಿಳಿಯಲ್ಲ."

"ಹಿಟ್ಟು ಎಷ್ಟು ಹೊತ್ತು ತಣ್ಣಗಾಗಬೇಕು?" ಎಂದು ಕೇಳಿದಳು ಕೋಕಿಲಾ.

*

ಶನಿವಾರ ರೂತ್ ಆಂಟಿಗೆ ಸಬ್ಬತ್ತು, ಕೆಲಸ ಮಾಡುವ ಹಾಗಿಲ್ಲ. ಹಾಗಾಗಿ ಬೇಯಿಸುವುದನ್ನು ಭಾನುವಾರ ಮುಂಜಾನೆಗೆ ಇಟ್ಟುಕೊಂಡಿದ್ದರು. ಬೆಳಕು ಹರಿಯುತ್ತಿದ್ದ ಹಾಗೆ ಅವರು ಬಂದರು, ಲಿಪ್‌ಸ್ಟಿಕ್ ಹಚ್ಚಿಕೊಂಡೇ. ಅದೇ ಹೊತ್ತಿಗೆ ಕೋಕಿಲಾಳ ಮನೆಯ ಕರೆಂಟೂ ಹೋಯಿತು. ಫ್ಯಾನು ನಿಂತಿತು, ಫ್ರಿಜ್ಜಿನ ಗುಂಯ್ ಅನ್ನುವ ಸದ್ದು ನಿಂತಿತು. ಗೇಟಿನ ಬಳಿಯ ದೀಪ ಮಾತ್ರ ಉರಿಯುತ್ತಿತ್ತು.

"ಇದೂ ಕಣ್ತಪ್ಪಾ?" ಎಂದಳು ಕೋಕಿಲಾ.

ರೂತ್ ಆಂಟಿ ಬೆಂಕಿಪೊಟ್ಟಣಕ್ಕೆ ಕೈ ಚಾಚಿದರು. ಸೊಟ್ಟ ಬೆರಳುಗಳಲ್ಲಿ ಕಡ್ಡಿ ನಿಲ್ಲಲಿಲ್ಲ. ಒಂದು ಮುರಿಯಿತು, ಇನ್ನೊಂದು ಕೆಳಗೆ ಬಿತ್ತು. ಕೋಕಿಲಾ ಗ್ಯಾಸಿನ ತಿರುಗಣೆ ಹಿಡಿದು ಕಾದು ನಿಂತಳು, ಕಡ್ಡಿ ಮಾತ್ರ ಮುಟ್ಟಲಿಲ್ಲ. ಕೊನೆಗೆ ಒಂದು ಕಡ್ಡಿ ಹತ್ತಿತು. ರೂತ್ ಆಂಟಿ ಮೊಣಕಾಲೂರಿ ಕೂತು ಅದನ್ನು ಓವನ್ನಿನ ತಳಕ್ಕೆ ಒಡ್ಡಿದರು. ನೀಲಿ ಬೆಂಕಿ ಭಗ್ ಎಂದು ಎರಡೂ ಬದಿಗೆ ಓಡಿತು.

"ಈಗ ಉಳಿದದ್ದು ನಿನ್ನದು," ಎಂದು ಸ್ಟೂಲು ಹಿಡಿದುಕೊಂಡು ಎದ್ದರು.

ಕೋಕಿಲಾ ಹಿಟ್ಟನ್ನು ಲಟ್ಟಿಸಿ, ಸ್ಟೀಲಿನ ಲೋಟದ ಬಾಯಿಯಿಂದ ಬಿಲ್ಲೆ ಕತ್ತರಿಸಿದಳು. ನಡುವೆ ಹೂರಣ ಇಟ್ಟು ಮೂರು ಕಡೆಯಿಂದ ಅಂಚು ಮೇಲೆತ್ತಿ ಮೂಲೆಗಳನ್ನು ಒತ್ತಿದಳು. ಮೊದಲ ತಟ್ಟೆ ಓವನ್ನಿನಿಂದ ಹೊರಬಂದಾಗ ಅರ್ಧಕ್ಕರ್ಧ ಬಾಯಿ ಬಿಟ್ಟುಕೊಂಡು ಚಪ್ಪಟೆಯಾಗಿ ಮಲಗಿದ್ದವು. ಹೂರಣ ಹರಿದು ತಟ್ಟೆಗೆ ಅಂಟಿತ್ತು.

"ಮರ್ಯಾದೆಯಿಂದ ಒತ್ತುತ್ತಿದ್ದೀಯ," ಎಂದರು ರೂತ್ ಆಂಟಿ. "ಹಾಗೆ ಒತ್ತಿದರೆ ನಿಲ್ಲಲ್ಲ. ಯಾರ ಮೇಲಾದರೂ ಸಿಟ್ಟಿದ್ದರೆ ನೆನಪಿಸಿಕೋ."

ಕೋಕಿಲಾಗೆ ನೆನಪಿಸಿಕೊಳ್ಳಲು ಕಷ್ಟವಾಗಲಿಲ್ಲ. ಎಂ.ಡಿ.ಯನ್ನು ಒಂದು ಮೂಲೆಗೆ ಒತ್ತಿದಳು, ಗಂಗಾಧರನನ್ನು ಇನ್ನೊಂದಕ್ಕೆ. ಮೂರನೆಯ ಮೂಲೆಗೆ ಬಂದಾಗ, ಇಷ್ಟು ವರ್ಷ ಒಂದು ಮಾತೂ ಆಡದೆ ಪಾತ್ರೆ ಕಟ್ಟಿದ ತನ್ನನ್ನೇ ನೆನಪಿಸಿಕೊಂಡು, ಬೆರಳಿಗೆ ನೀರು ಮುಟ್ಟಿಸಿ, ಕರ್ಜಿಕಾಯಿಯ ಅಂಚು ಕಟ್ಟುವ ಹಾಗೆ ಮಡಿಸಿ ಗಟ್ಟಿಯಾಗಿ ಹಿಂಡಿದಳು. ಎರಡನೆಯ ತಟ್ಟೆಯಲ್ಲಿ ಒಂದೂ ಬಿಚ್ಚಲಿಲ್ಲ. ಹೊಂಬಣ್ಣಕ್ಕೆ ತಿರುಗಿ, ಮೂರು ಮೂಲೆಗಳನ್ನೂ ಎತ್ತಿಕೊಂಡು ಕೂತಿದ್ದವು.

ನಿಕಿತಾ ವಾಸನೆಗೆ ಎದ್ದು ಬಂದು ಬಿಸಿಯದನ್ನೇ ಒಂದು ಎತ್ತಿಕೊಂಡಳು. "ವೈ ಟ್ರಯಾಂಗಲ್ಸ್?"

"ಕೆಲವರು ಅದು ಹಾಮಾನನ ಕಿವಿ ಅಂತಾರೆ, ಕೆಲವರು ಟೊಪ್ಪಿ ಅಂತಾರೆ," ಎಂದರು ರೂತ್ ಆಂಟಿ. "ಹಾಮಾನ ಪರ್ಷಿಯದ ಮಂತ್ರಿ. ಒಬ್ಬ ಯಹೂದಿ ತನ್ನ ಮುಂದೆ ಬಗ್ಗಿ ನಮಸ್ಕಾರ ಮಾಡಲಿಲ್ಲ ಅಂತ, ದೇಶದಲ್ಲಿರೋ ಯಹೂದಿಗಳನ್ನೆಲ್ಲ ಒಂದೇ ದಿನ ಕೊಲ್ಲಿಸೋಕೆ ಹೊರಟ. ರಾಣಿ ಎಸ್ತೇರ್ ಕೂಡ ಯಹೂದಿ, ಅದು ಯಾರಿಗೂ ಗೊತ್ತಿರಲಿಲ್ಲ. ಸುಮ್ಮನಿದ್ದಿದ್ದರೆ ಅವಳ ಜೀವ ಉಳೀತಿತ್ತು. ಅವಳು ರಾಜನ ಎದುರು ಹೋಗಿ ನಾನೂ ಅವರಲ್ಲಿ ಒಬ್ಬಳು ಅಂದಳು. ಹಾಮಾನ ತಾನು ನಿಲ್ಲಿಸಿದ ಗಲ್ಲಿಗೆ ತಾನೇ ಏರಿದ. ನಮ್ಮಪ್ಪ ಇದನ್ನ ಹಾಮಾನನ ಜೇಬು ಅಂತಿದ್ದರು. ಪ್ರತಿವರ್ಷ ಅವನ ಜೇಬನ್ನ ಹರಿದು ತಿಂತೀವಿ."

"ಕೂಲ್," ಎಂದು ನಿಕಿತಾ ಇನ್ನೊಂದು ಜೇಬಿಗೆ ಕೈ ಹಾಕಿದಳು.

*

ಹತ್ತು ಗಂಟೆಯ ಹೊತ್ತಿಗೆ ಗೇಟಿನ ಹೊರಗೆ ಕಾರುಗಳು ಸಾಲಾಗಿ ನಿಂತವು. ಕಿರೀಟ ಇಟ್ಟುಕೊಂಡ ರಾಣಿಯರು, ಸಿಂಹದ ಮುಖವಾಡದ ಹುಡುಗರು, ಟ್ರಾಫಿಕ್ ಪೊಲೀಸಿನ ವೇಷ ಹಾಕಿದ ಒಂದು ಪುಟ್ಟ ಹುಡುಗಿ. ಪುರಿಮ್ ದಿನ ಮಕ್ಕಳು ವೇಷ ಹಾಕುವುದು ವಾಡಿಕೆ. ದೊಡ್ಡವರು ಇಳಿದು ಕಾವಲುಗಾರ ವಫುಲಾನ ಜೊತೆ ಮಾತಾಡುತ್ತಿದ್ದರು. ಅವನು ತಲೆ ಅಲ್ಲಾಡಿಸುತ್ತಿದ್ದ.

ಕೋಕಿಲಾ ಗೇಟಿಗೆ ಹೋದಳು. ವಫುಲಾ ಅವಳನ್ನು ನೋಡಿ ಮುಖ ಸಣ್ಣ ಮಾಡಿಕೊಂಡ. "ಪೋಲೆ ಸಾನಾ, ಮಾಮಾ ನಿಕಿತಾ," ಎಂದು ನಿಕಿತಾಳ ಅಮ್ಮನ ಕ್ಷಮೆ ಕೇಳಿದ. "ಒಬ್ಬರನ್ನು ಒಳಗೆ ಬಿಟ್ಟರೂ ನನ್ನ ಕೆಲಸ ಹೋಗುತ್ತೆ ಅಂದಿದ್ದಾರೆ."

"ಬಿಡಬೇಡ," ಎಂದಳು ಕೋಕಿಲಾ. "ಒಳಗಿನವರು ಹೊರಗೆ ಹೋಗಬಾರದು ಅಂತ ಹೇಳಿದ್ದಾರಾ?"

ವಫುಲಾ ಯೋಚಿಸಿದ. "ಇಲ್ಲ."

ಅವಳು ಮನೆಗೆ ಬಂದು ನಿಕಿತಾಳನ್ನು ಕರೆದಳು. ಇಬ್ಬರೂ ಸೇರಿ ಊಟದ ಟೇಬಲನ್ನು ಹಿಡಿದು ಹೊಸ್ತಿಲು ದಾಟಿಸಿದರು. ವರಾಂಡದಲ್ಲಿ ಕೂತಿದ್ದ ಮಹಾಬಲೇಶ್ವರ ದಡಬಡಿಸಿ ಎದ್ದ.

"ಕೋಕಿಲಾ, ಏನ್ ಮಾಡ್ತಿದೀಯ? ಆ ಟೇಬಲ್ ಕಂಪನೀದು."

"ಹಾಗಾದ್ರೆ ಕಂಪನಿ ಬಂದು ತಗೊಂಡು ಹೋಗ್ಲಿ. ರಸ್ತೇಲೇ ಇರುತ್ತೆ."

"ನನ್ ಬಗ್ಗೆ ಒಂದು ನಿಮಿಷ ಯೋಚನೆ ಮಾಡು. ನಾಳೆ ಆಫೀಸಲ್ಲಿ ನಾನೇನ್ ಹೇಳ್ಲಿ?"

"ಹೆಂಡ್ತಿ ತಿಂಡಿ ಮಾಡಿ ಹಂಚಿದ್ಲು ಅಂತ ಹೇಳಿ. ಅದಕ್ಕಿಂತ ಹೆಚ್ಚು ನಾನೇನೂ ಮಾಡ್ತಿಲ್ಲ."

ಅವನು ಅಲ್ಲೇ ನಿಂತ. ಟೇಬಲ್ಲಿನ ಒಂದು ಕಾಲು ಹೂಕುಂಡಕ್ಕೆ ಸಿಕ್ಕಿಕೊಂಡಾಗ ಒಂದು ಹೆಜ್ಜೆ ಮುಂದೆ ಬಂದ, ಮತ್ತೆ ಹಿಂದೆ ಸರಿದ. ತಾಯಿ ಮಗಳೇ ಎಳೆದುಕೊಂಡು ಹೋದರು.

ಗೇಟಿನ ಹೊರಗೆ, ರಸ್ತೆಯಂಚಿನ ಹುಲ್ಲಿನ ಮೇಲೆ, ಟೇಬಲ್ ಹಾಕಿ ಬಿಳಿ ಬಟ್ಟೆ ಹಾಸಿದರು. ಕೋಕಿಲಾ ತಟ್ಟೆಗಳನ್ನು ಒಂದೊಂದಾಗಿ ತಂದಳು. ದೊಡ್ಡ ಥರ್ಮಾಸುಗಳಲ್ಲಿ ಚಹಾ ಬಂತು. ರೂತ್ ಆಂಟಿಗೆ ಕುರ್ಚಿ ಹಾಕಿದರು. ಅವರು ಬೆನ್ನನ್ನು ಮುಚ್ಚಿದ ಗೇಟಿಗೆ ಕೊಟ್ಟು ಕೂತು, ಮಕ್ಕಳಿಗೆ ಕತೆ ಮತ್ತೊಮ್ಮೆ ಹೇಳತೊಡಗಿದರು. ಹಾಮಾನ ಎಂಬ ಹೆಸರು ಬಂದಾಗೆಲ್ಲ ಮಕ್ಕಳು ಗಿರಗಟ್ಟೆ ತಿರುಗಿಸಿ, ಡಬ್ಬಿ ಬಡಿದು, ಕಾಲು ನೆಲಕ್ಕೆ ಅಪ್ಪಳಿಸಿ ಆ ಹೆಸರು ಯಾರ ಕಿವಿಗೂ ಬೀಳದ ಹಾಗೆ ಮಾಡಬೇಕು. ಹಾಗೇ ಮಾಡಿದರು. ದಾರಿಯಲ್ಲಿ ಹೋಗುತ್ತಿದ್ದ ಬೋಡಾ ಬೋಡಾ ಎಂಬ ಬಾಡಿಗೆ ಬೈಕಿನವರು ಏನಿದು ಎಂದು ನಿಲ್ಲಿಸಿದರು. ಅವರ ಕೈಗೂ ಒಂದೊಂದು ಜೇಬು ಹೋಯಿತು. ಎದುರು ಕಚೇರಿಯ ಕಾವಲುಗಾರರು ಬಂದರು. ಯಾರೋ ಒಬ್ಬ ಹೆಂಗಸು ಮುಚ್ಚಿದ ಗೇಟು, ಅದರ ಮುಂದೆ ರಾಣಿಯರು ಸಿಂಹಗಳು, ನಡುವೆ ಕುರ್ಚಿಯಲ್ಲಿ ಕೂತ ಮುದುಕಿ, ಎಲ್ಲ ಸೇರಿದ ಫೋಟೋ ತೆಗೆದಳು.

ಗಂಗಾಧರನ ಕಾರು ಬಂದದ್ದು ಆಗಲೇ. ಇಳಿದವನು ಟೇಬಲನ್ನೂ ಜನರನ್ನೂ ನೋಡಿ ಕೋಕಿಲಾಳ ಹತ್ತಿರ ಬಂದ.

"ಅತ್ತಿಗೆ, ಇದೇನಿದು? ಗೇಟ್ ಮುಂದೆ ಹೀಗೆ ಜನ ಸೇರಿಸೋ ಹಾಗಿಲ್ಲ."

"ಗೇಟಿನೊಳಗೆ ಕಂಪನಿ ಜಾಗ ಅಂದೆ, ಬಿಟ್ಟುಕೊಟ್ಟಿದೀನಿ. ಇದು ರಸ್ತೆ. ಇದನ್ನೂ ಕೊಂಡಿದಾರಾ ನಿಮ್ಮ ಎಂ.ಡಿ.?"

"ನೀವು ಹೀಗೆ ಮಾಡ್ತೀರಿ ಅಂತ ಅನ್ಕೊಂಡಿರಲಿಲ್ಲ."

"ನಾನೂ ಅನ್ಕೊಂಡಿರಲಿಲ್ಲ," ಎಂದಳು ಕೋಕಿಲಾ. ಅದು ನಿಜವಾಗಿತ್ತು. "ಒಂದು ಕೇಳ್ತೀನಿ, ನೇರವಾಗಿ ಹೇಳು. ಇವತ್ತು ಬೆಳಿಗ್ಗೆ ನಮ್ಮನೆ ಕರೆಂಟ್ ತೆಗೆಸಿದ್ದು ಯಾರು?"

ಗಂಗಾಧರ ಬೇರೆ ಕಡೆ ನೋಡಿದ. ಹಿಂದೆ ಮಕ್ಕಳು ಡಬ್ಬಿ ಬಡಿಯುತ್ತಿದ್ದರು.

ರೂತ್ ಆಂಟಿ ಅವನನ್ನು ಬೆರಳಾಡಿಸಿ ಕರೆದರು. ಒಂದು ತಟ್ಟೆಯಲ್ಲಿ ಖರ್ಜೂರದ್ದು, ಗಸಗಸೆಯದು ಜೋಡಿಸಿ, ಮೇಲೆ ಕರವಸ್ತ್ರ ಮುಚ್ಚಿಟ್ಟಿದ್ದರು. "ಪುರಿಮ್ ದಿನ ಸ್ನೇಹಿತರಿಗೆ ತಟ್ಟೆ ಕಳಿಸಬೇಕು, ಅದು ನಮ್ಮ ನಿಯಮ. ಶತ್ರುಗಳಿಗೆ ಕಳಿಸಬಾರದು ಅಂತ ಎಲ್ಲೂ ಬರೆದಿಲ್ಲ. ಇದನ್ನ ನಿನ್ನ ಯಜಮಾನನಿಗೆ ಕೊಡು. ನನ್ನ ಅಡುಗೆಮನೆ ಸತ್ತಮೇಲೆ ಮಾಡಿದ್ದು ಅಂತ ಹೇಳು. ರುಚಿ ನೋಡಲಿ. ಮುಂದಿನ ವರ್ಷವೂ ಬರುತ್ತೆ."

ತಟ್ಟೆ ಗಂಗಾಧರನ ಕೈಗೆ ಬಂದುಬಿಟ್ಟಿತ್ತು. ಹಿಂದಕ್ಕೆ ಕೊಡಲು ಜಾಗ ಸಿಗದೆ, ಅದನ್ನು ಹಿಡಿದುಕೊಂಡೇ ಕಾರಿಗೆ ಹೋದ.

*

ಸೋಮವಾರ ಸಂಜೆ ಮಹಾಬಲೇಶ್ವರ ಬೂಟು ಬಿಚ್ಚದೆ ಸೋಫಾದ ತುದಿಯಲ್ಲಿ ಕೂತ. ಗೇಟಿನ ಫೋಟೋ ರಾತ್ರಿ ಕಳೆಯುವುದರೊಳಗೆ ಅರ್ಧ ನೈರೋಬಿಯ ಫೋನುಗಳಲ್ಲಿ ಓಡಾಡಿತ್ತು. ಕಂಪನಿಯ ಹೆಸರು ಹಾಕಿ ಜನ ಏನೇನೋ ಬರೆದಿದ್ದರು. ಎಂ.ಡಿ. ಆ ಬೆಳಿಗ್ಗೆಯೇ ಕೇಬಲ್ಲನ್ನೂ ಪೈಪನ್ನೂ ಸರಿಮಾಡಿಸಿದ್ದರು. ಆದರೆ ಮಹಾಬಲೇಶ್ವರನನ್ನು ಕರೆದು, ತಿಂಗಳ ಕೊನೆಯ ತನಕ ಬೇಡ, ಈ ವಾರದಲ್ಲೇ ಮನೆ ಖಾಲಿ ಮಾಡಿ ಎಂದಿದ್ದರು.

"ಆಯ್ತು," ಎಂದಳು ಕೋಕಿಲಾ. "ಖಾಲಿ ಮಾಡೋಣ."

ಅವನಿಗೆ ಅನುಮಾನ ಬಂತು. "ಆಥಿ ರಿವರ್‌ಗೆ ಬರ್ತೀಯಾ?"

"ಇಲ್ಲ. ರೂತ್ ಆಂಟಿ ಹಿಂದುಗಡೆ ಎರಡು ರೂಮು ಬಾಡಿಗೆಗೆ ಕೊಡ್ತೀನಿ ಅಂದಿದಾರೆ. ನಾನೂ ನಿಕಿತಾನೂ ಅಲ್ಲಿಗೆ ಹೋಗ್ತೀವಿ."

"ಅಂಗಳ ದಾಟಿ ಎದುರು ಮನೆಗಾ? ಕೋಕಿಲಾ, ಅದು ಎಂ.ಡಿ. ಮುಖಕ್ಕೆ ಹೊಡೆದ ಹಾಗೆ."

"ಕಂಪನಿ ಮನೆ ಬಿಡಿ ಅಂದ್ರು, ಬಿಡ್ತಿದೀನಿ. ಎಲ್ಲಿಗೆ ಹೋಗ್ಬೇಕು ಅನ್ನೋದನ್ನೂ ಅವರೇ ಹೇಳ್ಬೇಕಾ? ಅಂಕಲೇಶ್ವರದಿಂದ ಇಲ್ಲೀತನಕ ಹೇಳಿದ್ರಲ್ಲ, ಸಾಕು."

ಮಹಾಬಲೇಶ್ವರ ಬಗ್ಗಿ ಬೂಟಿನ ಲೇಸು ಬಿಚ್ಚತೊಡಗಿದ. ಅವನು ಕೆಟ್ಟವನಲ್ಲ, ಹೆದರಿಕೆಯವನು, ಮೂವತ್ತು ವರ್ಷ ಒಬ್ಬರಲ್ಲ ಒಬ್ಬ ಎಂ.ಡಿ.ಯ ಮುಂದೆ ನಿಂತು ಸವೆದವನು. "ನನಗೆ ಈ ವಯಸ್ಸಲ್ಲಿ ಬೇರೆ ಕೆಲಸ ಸಿಗಲ್ಲ," ಎಂದ ಮೆಲ್ಲಗೆ.

"ನಿಮ್ಮನ್ನ ಕೆಲಸ ಬಿಡಿ ಅಂತ ನಾನು ಹೇಳಿಲ್ಲ. ನೀವು ಫ್ಲ್ಯಾಟಿಗೆ ಹೋಗಿ, ಫ್ಯಾಕ್ಟ್ರಿಗೆ ಹತ್ರ. ಬರಬೇಕು ಅನ್ನಿಸಿದಾಗ ಬನ್ನಿ."

ಹಾಗೇ ಆಯಿತು. ಅವನು ಎರಡು ಸೂಟ್‌ಕೇಸ್ ಹಿಡಿದು ಆಥಿ ರಿವರ್‌ಗೆ ಹೋದ. ಕೋಕಿಲಾ ಮತ್ತು ನಿಕಿತಾ ಪಾತ್ರೆಪಗಡೆಗಳನ್ನು ವೀಲ್‌ಬ್ಯಾರೋದಲ್ಲಿ ಇಟ್ಟು ಅಂಗಳ ದಾಟಿಸಿದರು. ಓವನ್ನಿರುವ ಗ್ಯಾಸ್ ಒಲೆ ಅವಳದೇ ದುಡ್ಡಿನಲ್ಲಿ ಕೊಂಡದ್ದು, ಅದೂ ಹೋಯಿತು. ಮೊದಲ ವಾರ ಗಂಡ ಫೋನು ಮಾಡಿ ನಿಕಿತಾಳ ಜೊತೆ ಮಾತ್ರ ಮಾತಾಡಿದ. ಎರಡನೆಯ ವಾರ ಸಾರಿನಪುಡಿ ಎಲ್ಲಿ ಸಿಗುತ್ತದೆ ಎಂದು ಕೋಕಿಲಾಳನ್ನೇ ಕೇಳಿದ. ಅವಳು ಅಂಗಡಿಯ ಹೆಸರು ಹೇಳಿದಳು, ಪುಡಿ ಕಳಿಸಲಿಲ್ಲ. ಯುಗಾದಿಯ ಹಿಂದಿನ ದಿನ ಅವನು ಹೇಳದೆ ಕೇಳದೆ ಬಂದ. ಕೈಯಲ್ಲಿ ತನ್ನ ದಿಂಬು ಇತ್ತು.

ಕಾಂಟ್ರ್ಯಾಕ್ಟು ಮೂರು ವರ್ಷಕ್ಕೆ ಬದಲು ಒಂದೇ ವರ್ಷಕ್ಕೆ ರಿನ್ಯೂ ಆಗಿತ್ತು. ಎಂ.ಡಿ. ಅವನಿಗೆ, ನಿನ್ನ ಹೆಂಡತಿಯನ್ನು ಸರಿಮಾಡಿಕೋ ಎಂದಿದ್ದರಂತೆ. "ಅವಳ ವಿಷಯ ನೀವೇ ಅವಳ ಹತ್ರ ಮಾತಾಡಿ, ನನ್ನ ಹತ್ರ ಫ್ಯಾಕ್ಟ್ರಿ ವಿಷಯ ಮಾತಾಡಿ ಅಂತ ಅಂದೆ," ಎಂದು ಮಹಾಬಲೇಶ್ವರ ಹೇಳಿದ. ಹೇಳಿ ತಾನೇ ಸ್ವಲ್ಪ ಆಶ್ಚರ್ಯಪಟ್ಟವನ ಹಾಗೆ ಕೂತ. ಕೋಕಿಲಾ ಅವನ ಮುಂದೆ ಬೆಲ್ಲದ ಅಚ್ಚೂ ತುರಿಯುವ ಮಣೆಯೂ ಇಟ್ಟಳು.

ಯುಗಾದಿಯ ಬೆಳಿಗ್ಗೆ ಅವಳು ರೂತ್ ಆಂಟಿಯ ಕಟ್ಟೆಯ ಮೇಲೆ ಹೋಳಿಗೆ ತಟ್ಟುತ್ತಿದ್ದಾಗ ಅಂಗಳದಾಚೆ ಜೆಸಿಬಿ ಬಂತು. ಅವಳು ಒಂಬತ್ತು ವರ್ಷ ಇದ್ದ ಮನೆಯ ಹೆಂಚುಗಳು ಜಾರಿ ಬೀಳತೊಡಗಿದವು. ಹೊಸ ಕಟ್ಟಡದ ನಕ್ಷೆಯನ್ನು ತಿದ್ದಿ, ರೂತ್ ಆಂಟಿಯ ಮನೆಯನ್ನು ಬಿಟ್ಟು ಸುತ್ತ ಕಟ್ಟುತ್ತಾರೆ ಎಂದು ವಫುಲಾ ಸುದ್ದಿ ತಂದಿದ್ದ. ಬಿಸಿಲು ಮುಂದೆ ಈ ಕಿಟಕಿಗೆ ಬರುವುದಿಲ್ಲ. ಅದು ಇಬ್ಬರಿಗೂ ಗೊತ್ತಿತ್ತು.

ಕೆಂಪು ಧೂಳು ಎದ್ದು ಇತ್ತ ತೇಲಿತು. ಹಳದಿ ಹೆಲ್ಮೆಟ್ಟಿನ ಮೇಸ್ತ್ರಿಯೊಬ್ಬ ಓಡಿ ಬಂದು, ಧೂಳು ಬರುತ್ತೆ, ಕಿಟಕಿ ಮುಚ್ಚಿಕೊಳ್ಳಿ ಎಂದು ಕೈಸನ್ನೆ ಮಾಡಿದ.

ಕೋಕಿಲಾ ಹೋಳಿಗೆಯ ಮೇಲೆ ಒಂದು ಪಾತ್ರೆ ಕವುಚಿ ಹಾಕಿದಳು. ರೂತ್ ಆಂಟಿ ಸ್ಟೂಲಿನಿಂದ ಇಳಿದು ಹೋಗಿ, ಅರ್ಧ ತೆರೆದಿದ್ದ ಕಿಟಕಿಯ ಎರಡೂ ಬಾಗಿಲುಗಳನ್ನು ಪೂರ್ತಿ ಹೊರಕ್ಕೆ ತಳ್ಳಿದರು.